ಗುಡಿಸಿಟ್ಟ ಹಗ್ಗದ ಹಾದಿ

ಕುರ್ಚಿಗಾಗಿ ಬಡಿದಾಡುವವರನ್ನು ಎಲ್ಲ ಊರಿನವರೂ ಕಂಡಿರುತ್ತಾರೆ. ಕುರ್ಚಿಗಳನ್ನು ಎಳೆದಾಡುವುದನ್ನೇ ನೌಕರಿ ಮಾಡಿಕೊಂಡವಳನ್ನು ಕಂಡಿದ್ದು ಮಾತ್ರ ಈ ಹೊಳೆದಂಡೆಯ ಊರಿನವರು. ನಗರ ಯೋಜನೆಯ ಕಚೇರಿಯಲ್ಲಿ ಅವಳ ಹುದ್ದೆಗೆ ಉದ್ದನೆಯ ಹೆಸರೊಂದಿತ್ತು. ಅದನ್ನು ಒಂದೇ ಉಸಿರಿನಲ್ಲಿ ಹೇಳುವುದು ಕಟ್ಟಿಕೊಂಡ ಗಂಡನಿಂದಲೂ ಆಗುತ್ತಿರಲಿಲ್ಲ. ಜನರ ಬಾಯಲ್ಲಿ ಅವಳು ಕುರ್ಚಿಯಕ್ಕ. ಯಾವ ಸಭೆಗೆ ಹೋದರೂ ಸಾಲಾಗಿ ಹಾಕಿದ್ದ ಕುರ್ಚಿಗಳನ್ನು ಕರಕರ ಎಳೆದು ದುಂಡಗೆ ಹಾಕಿದ ಮೇಲೆಯೇ ಅವಳು ಬಾಯಿ ಬಿಡುತ್ತಿದ್ದದ್ದು. ಸಾಲಾಗಿ ಕೂತರೆ ಮುಂದಿನವರು ಮಾತಾಡುತ್ತಾರೆ, ಹಿಂದಿನವರು ಆಕಳಿಸುತ್ತಾರೆ, ಬಾಗಿಲ ಹತ್ತಿರದವರು ಮೆಲ್ಲಗೆ ಜಾಗ ಖಾಲಿ ಮಾಡುತ್ತಾರೆ ಎಂಬುದು ಅವಳ ಸಿದ್ಧಾಂತ. ದುಂಡಗೆ ಕೂತರೆ ಕದ್ದು ಏಳುವುದಕ್ಕೆ ನಾಚಿಕೆಯಾಗುತ್ತದಂತೆ.

ಅವಳ ಕೆಲಸ ಹೇಳಲು ಸುಲಭ, ಮಾಡಲು ಕಷ್ಟ. ಊರಿನ ಯಾವುದೋ ಬಯಲು, ಹಳೆಯ ಗಣಿಯ ಹೊಂಡ, ಹೊಳೆಯ ದಂಡೆ, ಇಂಥ ಕಡೆ ಏನು ಮಾಡಬೇಕು, ಎಲ್ಲಿ ಮರ, ಎಲ್ಲಿ ದಾರಿ, ಎಲ್ಲಿ ಆಟದ ಜಾಗ ಎಂದು ಕಚೇರಿಯವರು ನಕ್ಷೆ ಬರೆಯುತ್ತಾರಲ್ಲ, ಅದಕ್ಕೆ ಮೊದಲು ಆ ನೆಲದ ಮೇಲೆ ಓಡಾಡಿಕೊಂಡು ಬದುಕುವವರನ್ನೆಲ್ಲ ಕೇಳಬೇಕು. ಕೇಳುವವಳು ಇವಳು. ನಾಲ್ಕು ಜನ ಸೇರಿದರೆ ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎಂಬಂತಾಗುವುದು ಲೋಕರೂಢಿ. ಆದರೆ ಎತ್ತಿಗೆ ಏರಿಯೇ ಏಕೆ ಬೇಕು, ಕೋಣಕ್ಕೆ ನೀರೇ ಏಕೆ ಬೇಕು ಎಂದು ವಿಚಾರಿಸುವ ತಾಳ್ಮೆ ಅವಳಿಗಿತ್ತು. ಗ್ಯಾರೇಜಿನವನು ಮಾತಾಡದಿದ್ದರೆ ಅವನು ಕೇಳಿದ ಸ್ಪ್ಯಾನರನ್ನು ಎತ್ತಿ ಕೊಡುತ್ತಾ ಪಕ್ಕದಲ್ಲೇ ಕೂರುತ್ತಿದ್ದಳು. ಸಿಡುಕಿನ ಅಜ್ಜಿಯರ ಮುಂದೆ ಕೂತು ಸೊಪ್ಪು ಬಿಡಿಸಿಕೊಡುತ್ತಿದ್ದಳು. ನಾವು ಸುಮ್ಮನಿದ್ದರೆ ಎದುರಿನವರು ಎಷ್ಟು ಹೊತ್ತು ಸುಮ್ಮನಿದ್ದಾರು, ಕೊನೆಗೆ ಮನಸ್ಸಿನಲ್ಲಿದ್ದದ್ದು ಈಚೆ ಬಂದೇ ಬರುತ್ತದೆ ಎನ್ನುತ್ತಿದ್ದಳು. ಬರುತ್ತಲೂ ಇತ್ತು.

ಒಂದು ವ್ರತ ಮಾತ್ರ ಅವಳು ಬಿಟ್ಟವಳಲ್ಲ. ಸಭೆ ನಡೆಸುವವಳು ತನ್ನ ಅಭಿಪ್ರಾಯ ಹೇಳಬಾರದು. ಜನ ಏನು ಹೇಳುತ್ತಾರೋ ಅದು ಅವರ ಬಾಯಿಂದಲೇ ಬರಬೇಕು, ಇವಳು ಒಂದು ಅಕ್ಷರವನ್ನೂ ಎತ್ತಿ ಕೊಡುವಂತಿಲ್ಲ. ಮನೆಯಲ್ಲಿ ಬೇಕಾದಷ್ಟು ಮಾತಾಡುತ್ತಿದ್ದಳು ಎಂದು ಗಂಡನ ದೂರು. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಆ ಸಾಧು ಮನುಷ್ಯ, ಹೊರಗೆ ಉಳಿಸಿದ್ದನ್ನೆಲ್ಲ ಇವಳು ಒಳಗೆ ಖರ್ಚು ಮಾಡುತ್ತಾಳೆ ಎಂದು ಗಿರಾಕಿಗಳ ಹತ್ತಿರ ಹೇಳಿಕೊಂಡು ನಗುತ್ತಿದ್ದ.

ಇಂಥವಳ ಪಾಲಿಗೆ ಒಂದು ದಿನ ಅವಳ ತವರಿನ ಹೊಳೆದಂಡೆಯೇ ಬಂತು.

ತವರು ಎಂದರೆ ಅಣ್ಣ ಮತ್ತು ಅತ್ತಿಗೆ. ಅಪ್ಪ ಅಮ್ಮನ ಮುಖ ಅವಳಿಗೆ ಸರಿಯಾಗಿ ನೆನಪಿಲ್ಲ. ಅತ್ತಿಗೆ ಆ ಮನೆಗೆ ಕಾಲಿಟ್ಟಾಗ ಇವಳಿನ್ನೂ ಎರಡು ಜಡೆ ಹೆಣೆಯಲು ಯಾರಾದರೂ ಬೇಕಾದ ವಯಸ್ಸಿನವಳು. ಜಡೆ ಹೆಣೆದವಳು ಅತ್ತಿಗೆ, ಜ್ವರ ಬಂದಾಗ ರಾತ್ರಿಯೆಲ್ಲ ಕೂತವಳು ಅತ್ತಿಗೆ, ಕಾಲೇಜಿಗೆ ಕಳಿಸೋಣ ಎಂದು ಮೊದಲು ಬಾಯಿ ಬಿಟ್ಟವಳೂ ಅವಳೇ ಎಂದು ನೆರೆಯವರು ಹೇಳುತ್ತಾರೆ. ಆಮೇಲಾಮೇಲೆ ಅತ್ತಿಗೆಯ ಮಾತು ಕಡಿಮೆಯಾಯಿತು. ಮನೆಯ ಮಾತೆಲ್ಲ ಅಣ್ಣನದೇ ಆಯಿತು. ಅಣ್ಣ ಮಾತಿನ ಮಲ್ಲ, ಎಂಥ ಸಂಕಟವನ್ನೂ ನಗೆ ಮಾಡಿ ತೇಲಿಸಿಬಿಡುವವ. ಅಂಥವನ ಪಕ್ಕದಲ್ಲಿ ಬಾಳುವವರಿಗೆ ಮಾತಿನ ಅಗತ್ಯವೂ ಬೀಳುವುದಿಲ್ಲ, ಅವಕಾಶವೂ ಸಿಗುವುದಿಲ್ಲ.

ಅವರದು ಹಗ್ಗ ಹೊಸೆಯುವ ಕಸುಬು. ಮನೆಯ ಮುಂದೆ, ಹೊಳೆಗೂ ಮನೆಗಳ ಸಾಲಿಗೂ ನಡುವೆ, ಗೆರೆ ಎಳೆದ ಹಾಗೆ ನೇರವಾದ ಉದ್ದನೆಯ ನೆಲವೊಂದಿತ್ತು. ಅದೇ ಹಗ್ಗದ ಹಾದಿ. ಅದರ ಒಂದು ತುದಿಯಲ್ಲಿ ಚಪ್ಪರದ ಕೆಳಗೆ ಕೂತು ಅಣ್ಣ ರಾಟೆ ತಿರುಗಿಸುತ್ತಿದ್ದ. ಅತ್ತಿಗೆ ನಾರಿನ ಕಟ್ಟನ್ನು ಸೊಂಟಕ್ಕೆ ಸುತ್ತಿಕೊಂಡು, ರಾಟೆಯ ಕೊಕ್ಕೆಗೆ ನಾರು ಸಿಕ್ಕಿಸಿ, ಬೆರಳ ಸಂದಿಯಿಂದ ಹದವಾಗಿ ಬಿಡುತ್ತಾ ಬಿಡುತ್ತಾ ಹಿಂದೆ ಹಿಂದೆ ನಡೆಯುತ್ತಿದ್ದಳು. ಅವಳು ಹಿಂದೆ ಸರಿದ ಹಾಗೆಲ್ಲ ಮುಂದೆ ಹುರಿ ಬೆಳೆಯುತ್ತಿತ್ತು. ಅದು ನೆಲಕ್ಕೆ ತಾಗದಿರಲೆಂದು ಅಲ್ಲಲ್ಲಿ ಕವೆಗೋಲು ನೆಟ್ಟಿದ್ದರು. ಹಗ್ಗ ಎಷ್ಟು ಉದ್ದ ಬೇಕೋ ಹಾದಿಯೂ ಅಷ್ಟು ಉದ್ದ, ಅಷ್ಟೇ ನೇರ ಇರಬೇಕು. ನಡುವೆ ಒಂದು ಕಲ್ಲು ಬಂದರೂ ಕೆಲಸ ಕೆಟ್ಟಿತು. ಹಿಂದೆ ಹಿಂದೆ ನಡೆದೇ ಅತ್ತಿಗೆ ಆ ಮನೆಯನ್ನು ಮುಂದೆ ತಂದಳು ಎಂದರೆ ಅದು ಬರೀ ಮಾತಿನ ಚಂದಕ್ಕೆ ಹೇಳಿದ್ದಲ್ಲ.

ಹೊಳೆದಂಡೆಯನ್ನೆಲ್ಲ ಹೊಸದಾಗಿ ರೂಪಿಸುವುದೆಂದು ಕಚೇರಿಯಲ್ಲಿ ತೀರ್ಮಾನವಾದಾಗ ಕುರ್ಚಿಯಕ್ಕ ಸಾಹೇಬರ ಹತ್ತಿರ ಹೋಗಿ, ಅದು ನನ್ನ ತವರು, ಬೇರೆಯವರನ್ನು ಹಾಕಿ ಎಂದು ಕೇಳಿದ್ದುಂಟು. ಬೇರೆಯವರು ಇರಲಿಲ್ಲ. ಹಾಗಾಗಿ ಅವಳು ಮನಸ್ಸಿನಲ್ಲೇ ಇನ್ನೊಂದು ಬೇಲಿ ಹಾಕಿಕೊಂಡಳು. ತನ್ನ ಮನೆಯವರ ಪರವಾಗಿ ಒಂದು ಮಾತೂ ಆಡಕೂಡದು. ಅವರ ಪಾಲಿನ ಮಾತನ್ನು ಎಲ್ಲರಂತೆ ಅವರೇ ಆಡಲಿ. ನ್ಯಾಯವಾದ ಯೋಚನೆಯೇ. ನ್ಯಾಯವಾಗಿ ನಡೆಯಲು ಹೊರಟವರು ಎಡವುವಷ್ಟು ಜೋರಾಗಿ ಬೇರೆ ಯಾರೂ ಎಡವುವುದಿಲ್ಲ, ಅದು ಬೇರೆ ಮಾತು.

ಮೊದಲು ನಡಿಗೆ. ನಕ್ಷೆ ಬರೆಯುವವರು ಜನರ ಜೊತೆಯಲ್ಲೇ ದಂಡೆಯುದ್ದಕ್ಕೂ ನಡೆದು, ಇಲ್ಲೇನು ಮಾಡುತ್ತೀರಿ, ಅಲ್ಲೇನು ಬೇಕು ಎಂದು ಕೇಳುತ್ತಾ ಹೋಗುವುದು ಕಚೇರಿಯ ಪದ್ಧತಿ. ಎಲ್ಲರೂ ಮನೆಯಲ್ಲಿರಲಿ ಎಂದು ಮೊದಲೇ ತಿಳಿಸುವುದೂ ಪದ್ಧತಿ. ಕುರ್ಚಿಯಕ್ಕ ಮನೆಮನೆಗೆ ಹೋಗಿ ಹೇಳಿ ಬಂದಳು. ಅಣ್ಣನ ಮನೆಯಲ್ಲಿ ಹೇಳುವಾಗ ಅವಳಿಗೆ ಒಳಗೊಳಗೇ ಹೆಮ್ಮೆಯಾಗಿತ್ತು, ಸುಳ್ಳೇಕೆ.

ಆಗ ನಡೆದದ್ದೇ ಈ ಕಥೆಯ ಎಡವಟ್ಟು. ಮನೆಮಗಳು ಅಧಿಕಾರಿಗಳನ್ನು ಕರೆದುಕೊಂಡು ಬರುತ್ತಾಳೆ. ಅವರ ಎದುರಿಗೆ ಅಂಗಳದಲ್ಲಿ ನಾರು, ಧೂಳು, ಕಾಲಿಗೆ ತೊಡರುವ ಹುರಿ ಬಿದ್ದಿದ್ದರೆ ಹುಡುಗಿಯ ಮಾನವೇನಾಗಬೇಕು? ಅಣ್ಣ ಅಂದಿನ ಕೆಲಸ ನಿಲ್ಲಿಸಿದ. ಕವೆಗೋಲುಗಳನ್ನು ಕಿತ್ತು ಹಿತ್ತಲಿಗೆ ಒರಗಿಸಿದ. ರಾಟೆಯನ್ನು ಒಳಗಿಟ್ಟು ಗೋಣಿ ಮುಚ್ಚಿದ. ಅತ್ತಿಗೆ ಹಾದಿಯನ್ನು ಆ ತುದಿಯಿಂದ ಈ ತುದಿಯವರೆಗೆ ಗುಡಿಸಿ ನೀರು ಚಿಮುಕಿಸಿದಳು. ನಕ್ಷೆಯವರು ಬಂದಾಗ ಕಂಡದ್ದು ಹೊಳೆಯ ಪಕ್ಕದಲ್ಲಿ ತಣ್ಣಗೆ ಮಲಗಿದ ನೇರವಾದ, ಖಾಲಿಯಾದ, ಅಚ್ಚುಕಟ್ಟಾದ ನೆಲ. ಆ ನಕ್ಷೆಯವರು ಕೆಟ್ಟವರಲ್ಲ. ವಯಸ್ಸಾದ, ಮೃದು ಮಾತಿನ ಮನುಷ್ಯ, ಗಿಡ ಕಂಡರೆ ಎಲೆ ಮುಟ್ಟಿ ನೋಡುವವರು. ಇಲ್ಲೇನು ನಡೆಯುತ್ತದೆ ಎಂದು ಅವರು ಅಣ್ಣನನ್ನು ಕೇಳಿಯೇ ಕೇಳಿದರು. ಮನೆಗೆ ಬಂದವರ ಮುಂದೆ ತನ್ನ ಕಷ್ಟ ಬಿಚ್ಚುವವನಲ್ಲ ಅಣ್ಣ. ಏನೂ ಇಲ್ಲ ಸ್ವಾಮಿ, ನಿಮ್ಮದೇ ಜಾಗ ಅಂದುಕೊಂಡು ಆರಾಮಾಗಿ ಓಡಾಡಿ ಎಂದುಬಿಟ್ಟ. ಅವರು ಹಾಗೆಯೇ ಅಂದುಕೊಂಡರು.

ಕುರ್ಚಿಯಕ್ಕ ಆ ಹೊತ್ತಿಗೆ ದಂಡೆಯ ಇನ್ನೊಂದು ಕೊನೆಯಲ್ಲಿದ್ದಳು. ದೋಣಿಯವನೊಬ್ಬ ಬಾಯಿ ಬಿಡುವುದಕ್ಕೆ ಕಾಯುತ್ತಾ ಅವನ ಬಲೆಯ ಸಿಕ್ಕು ಬಿಡಿಸುತ್ತಿದ್ದಳು. ಬರುವಾಗ ಗುಡಿಸಿದ ಹಾದಿಯನ್ನು ಕಂಡು, ಅತ್ತಿಗೆ ಎಷ್ಟು ಚೊಕ್ಕ ಇಟ್ಟಿದ್ದಾರೆ ಎಂದು ಖುಷಿಪಟ್ಟಳೇ ಹೊರತು ಅದರಾಚೆ ಯೋಚಿಸಲಿಲ್ಲ. ಅಣ್ಣ ಮಾತಿನಲ್ಲಿ ಬಿಟ್ಟಾನೇ, ಹೇಳಿಯೇ ಇರುತ್ತಾನೆ ಎಂದುಕೊಂಡಳು.

ಕೊನೆಯ ಸಭೆಗೆ ಒಂದು ದಿನ ಮುಂಚೆ ಬಣ್ಣದ ನಕ್ಷೆ ಸಿದ್ಧವಾಗಿ ಕಚೇರಿಯ ಮೇಜಿನ ಮೇಲೆ ಹರಡಿಕೊಂಡಿತು. ಬಲು ಚಂದದ ನಕ್ಷೆ. ದೋಣಿಕಟ್ಟೆ ಇದ್ದಲ್ಲಿಯೇ ಇತ್ತು. ಬಟ್ಟೆ ಒಗೆಯುವವರ ಕಲ್ಲುಗಳು ಇದ್ದವು. ಮಕ್ಕಳ ಚೆಂಡಾಟದ ಬಯಲೂ ಇತ್ತು. ಕೇಳಿದವರಿಗೆಲ್ಲ ಕೇಳಿದ್ದು ಸಿಕ್ಕಿತ್ತು. ಹಗ್ಗದ ಹಾದಿಯ ಮೇಲೆ ಮಾತ್ರ ಎರಡು ಕಡೆ ಮರಗಳ ಸಾಲು, ನಡುವೆ ಕಲ್ಲು ಹಾಸಿದ ವಿಹಾರದ ದಾರಿ, ಆ ದಾರಿಯ ಮಧ್ಯದಲ್ಲಿ ಅಲ್ಲಲ್ಲಿ ಬೆಂಚುಗಳು. ಕುರ್ಚಿಯಕ್ಕ ಆ ದಾರಿಯ ಮೇಲೆ ಬೆರಳಿಟ್ಟು ಮತ್ತೊಮ್ಮೆ ನೋಡಿದಳು. ನಾಳಿನ ಸಭೆ ಒಪ್ಪಿತೆಂದರೆ ಅಣ್ಣನ ಮನೆಯ ಹಗ್ಗ ಅಲ್ಲಿಗೆ ಮುಗಿಯಿತು. ಅಷ್ಟುದ್ದದ ಇನ್ನೊಂದು ನೇರ ನೆಲ ಊರಿನಲ್ಲಿ ಎಲ್ಲೂ ಇಲ್ಲ.

ಸಂಜೆ ಓಡೋಡಿ ತವರಿಗೆ ಹೋದಳು. ನಾಳೆ ಸಭೆಯಲ್ಲಿ ಎದ್ದು ನಿಂತು ಹೇಳು, ನಾನು ಹೇಳುವ ಹಾಗಿಲ್ಲ, ನೀನೇ ಹೇಳಬೇಕು ಎಂದು ಅಣ್ಣನನ್ನು ಬೇಡಿಕೊಂಡಳು. ಅಣ್ಣ ಎಂದಿನಂತೆ ನಗೆ ಮಾಡಿದ. ಮಂಡಿ ನೋಯುತ್ತದೆ, ಬೆಂಚು ಹಾಕುತ್ತಾರಲ್ಲ, ಮೊದಲು ಕೂರುವವನು ನಾನೇ ಎಂದ. ಇಡೀ ಊರು ಒಪ್ಪಿದ್ದಕ್ಕೆ ತಂಗಿಯ ಮನೆಯವರೇ ಅಡ್ಡಗಾಲು ಹಾಕಿದರು ಅನ್ನಿಸಿಕೊಳ್ಳಲೇ, ನಿನ್ನ ಸಾಹೇಬರ ಮುಂದೆ ನೀನು ತಲೆ ತಗ್ಗಿಸಬೇಕೇ ಎಂದ. ವಾದಿಸಿ ಸೋತು ಅವಳು ಅಡುಗೆಮನೆಯ ಕಡೆ ತಿರುಗಿದಳು. ಒಲೆಯ ಮುಂದೆ ಅತ್ತಿಗೆ ಬೆನ್ನು ಮಾಡಿ ನಿಂತಿದ್ದಳು.

"ಅತ್ತಿಗೆ, ನೀವಾದ್ರೂ ಅಣ್ಣನಿಗೆ ಸ್ವಲ್ಪ ಹೇಳಿ."

ಅತ್ತಿಗೆ ತಿರುಗಿ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಇನ್ನೂ ಏನಾದರೂ ಕೇಳುತ್ತಾಳೇನೋ ಎಂದು ಕಾದಂತಿತ್ತು. ಕುರ್ಚಿಯಕ್ಕ ಆಗಲೇ ಕೈಚೀಲ ಹೆಗಲಿಗೇರಿಸಿದ್ದಳು. ಟೀ ಕುಡಿದು ಹೋಗು ಎಂದಷ್ಟೇ ಹೇಳಿ ಅತ್ತಿಗೆ ಲೋಟ ತೊಳೆಯಲು ಹೋದಳು.

ಮರುದಿನ ಶಾಲೆಯ ದೊಡ್ಡ ಕೋಣೆ ತುಂಬಿತ್ತು. ಕುರ್ಚಿಗಳು ದುಂಡಗಿದ್ದವು. ಗಂಡಸರು ಕೂತಿದ್ದರು, ಹೆಂಗಸರಲ್ಲಿ ಮಾತು ಬಲ್ಲವರು ಕೂತಿದ್ದರು, ಉಳಿದವರು ಬಾಗಿಲ ಬಳಿ ಗೋಡೆಗೊರಗಿ ನಿಂತಿದ್ದರು. ಕೂರಿ ಎಂದು ಕುರ್ಚಿಯಕ್ಕ ಕರೆದಳು. ಇರಲಿ ಬಿಡಿ, ಇಲ್ಲೇ ಗಾಳಿ ಚೆನ್ನಾಗಿದೆ ಎಂದರು. ಅವರ ನಡುವೆ ಅತ್ತಿಗೆಯೂ ಇದ್ದಳು. ನಕ್ಷೆಯವರು ಗೋಡೆಗೆ ತೂಗುಹಾಕಿದ ಹಾಳೆಯ ಮುಂದೆ ನಿಂತು ಒಂದೊಂದನ್ನೇ ತೋರಿಸಿ ವಿವರಿಸಿದರು. ದೋಣಿಯವರು ತಲೆಯಾಡಿಸಿದರು. ಬಟ್ಟೆ ಒಗೆಯುವವರು ತಲೆಯಾಡಿಸಿದರು. ವಿಹಾರದ ದಾರಿ ಬಂದಾಗ ಕೋಣೆಯಲ್ಲೆಲ್ಲ ಒಂದು ಮೆಚ್ಚುಗೆಯ ಗುಸುಗುಸು ಎದ್ದಿತು. ಕುರ್ಚಿಯಕ್ಕ ಅಣ್ಣನನ್ನೇ ನೋಡುತ್ತಿದ್ದಳು. ಅಣ್ಣ ಪಕ್ಕದವನಿಗೆ ಏನೋ ಹೇಳಿ ನಗಿಸುತ್ತಿದ್ದ.

ಒಪ್ಪಿಗೆ ಇರುವವರು ಕೈ ಎತ್ತಿ ಎಂದು ಕೇಳಬೇಕಾದವಳು ಅವಳೇ. ಕೇಳಿದಳು. ಎಲ್ಲರಿಗಿಂತ ಮೊದಲು ಮೇಲೆದ್ದದ್ದು ಅಣ್ಣನ ಕೈ. ರಾಟೆ ತಿರುಗಿಸಿ ತಿರುಗಿಸಿ ಗೆಣ್ಣು ದಪ್ಪಗಾದ ಆ ಕೈಯನ್ನು ಅವನು ಹಬ್ಬಕ್ಕೆ ಬಂದವನ ಹಾಗೆ ಖುಷಿಯಾಗಿ ಎತ್ತಿ ಹಿಡಿದಿದ್ದ. ತಂಗಿಯ ನಕ್ಷೆ, ತಂಗಿಯ ಸಭೆ, ತಂಗಿಗೆ ಅವನ ಕೈ.

ಅದನ್ನು ನೋಡಿ ಅವಳಿಂದ ತಡೆಯಲಾಗಲಿಲ್ಲ. ಎಣಿಸಲು ಎತ್ತಿದ್ದ ಬೆರಳನ್ನು ಇಳಿಸಿ, ಒಂದು ನಿಮಿಷ, ನಾನೊಂದು ಮಾತು ಹೇಳಬೇಕು ಎಂದಳು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ವ್ರತ ಅಲ್ಲಿಗೆ ಮುರಿಯಿತು. ತಾನು ಆ ಮನೆಯ ಮಗಳೆಂದಳು. ಆ ಜಾಗ ಖಾಲಿ ಅಲ್ಲ, ಅಲ್ಲಿ ದಿನಾ ಹಗ್ಗ ಹೊಸೆಯುತ್ತಾರೆ, ನಾವು ಬರುತ್ತೇವೆಂದು ಎಲ್ಲ ಎತ್ತಿಟ್ಟು ಗುಡಿಸಿದ್ದರು ಎಂದಳು. ಗುಡಿಸಿದ್ದ ವಿಷಯಕ್ಕೆ ಒಂದಿಬ್ಬರು ನಕ್ಕರು. ನಕ್ಷೆಯವರು ನಗಲಿಲ್ಲ. ಗೋಡೆಯ ಮೇಲಿನ ತಮ್ಮ ಮರಗಳನ್ನೊಮ್ಮೆ ನೋಡಿ, ಬಂದು ಅಣ್ಣನ ಮುಂದೆ ಕುರ್ಚಿ ಎಳೆದುಕೊಂಡು ಕೂತು, ಹೌದೇ ಯಜಮಾನರೇ ಎಂದು ಕೇಳಿದರು.

ಅಣ್ಣ ನಕ್ಕ. ಕೈ ಇನ್ನೂ ಇಳಿಸಿರಲಿಲ್ಲ.

"ನಾನು ಹಗ್ಗ ಹೊಸೆದಿದ್ದು ಇವಳನ್ನ ಒಂದು ದಡ ಮುಟ್ಟಿಸೋಕೆ, ಸ್ವಾಮಿ. ಮುಟ್ಟಿಸಿ ಆಯ್ತು. ಇನ್ನು ಆ ಹಾದಿಲಿ ಊರವರು ಓಡಾಡ್ಲಿ."

ಕೋಣೆಗೆ ಕೋಣೆಯೇ ಚಪ್ಪಾಳೆ ತಟ್ಟಿತು. ತಟ್ಟದೆ ಇರುವುದಾದರೂ ಹೇಗೆ? ಅಷ್ಟು ದೊಡ್ಡ ಮಾತು ಅದು. ಕುರ್ಚಿಯಕ್ಕನ ಕಣ್ಣು ತುಂಬಿಬಂತು. ಇಂಥ ತ್ಯಾಗಕ್ಕೆ ಎದುರಾಡುವುದು ಹೇಗೆಂದು ಯಾವ ತರಬೇತಿಯಲ್ಲೂ ಅವಳಿಗೆ ಕಲಿಸಿರಲಿಲ್ಲ. ಚಪ್ಪಾಳೆ ಕಡಿಮೆಯಾಗುವ ಹೊತ್ತಿಗೆ ಬಾಗಿಲ ಬಳಿಯಿಂದ ಕಡ್ಡಿ ಮುರಿದಂತೆ ಒಂದು ಮಾತು ಬಂತು.

"ಅವರದು ಆಯ್ತು. ನಂದಿನ್ನೂ ಆಗಿಲ್ಲ."

ಎಲ್ಲರೂ ತಿರುಗಿದರು. ಅತ್ತಿಗೆ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಿದ್ದಳು. ಅಷ್ಟೊಂದು ಕಣ್ಣುಗಳು ಒಟ್ಟಿಗೆ ತನ್ನ ಮೇಲೆ ಬಿದ್ದಿದ್ದಕ್ಕೆ ಅವಳ ಮುಖ ಕೆಂಪಾಗಿತ್ತು. ಆದರೆ ಹಿಂದೆ ಸರಿಯಲಿಲ್ಲ.

ಕುರ್ಚಿಯಕ್ಕನಿಗೆ ಆ ಕ್ಷಣದಲ್ಲಿ ಆದದ್ದನ್ನು ನಾಚಿಕೆ ಎನ್ನಬೇಕೋ, ದುಃಖ ಎನ್ನಬೇಕೋ. ದೋಣಿಯವನ ಬಲೆ ಬಿಡಿಸಿದ್ದಳು, ಕಂಡವರ ಮನೆಯ ಸೊಪ್ಪು ಬಿಡಿಸಿದ್ದಳು, ಊರಲ್ಲಿ ಬಾಯಿ ಇಲ್ಲದವರಿಗೆಲ್ಲ ಬಾಯಿ ಬರಿಸಿದ್ದಳು. ಹಗ್ಗ ಹೊಸೆಯುವ ಮನೆಯಲ್ಲಿ ಮಾತ್ರ ಅಣ್ಣನಿಗಷ್ಟೇ ಹೇಳಿ ಎದ್ದು ಬಂದಿದ್ದಳು. ನಿನ್ನೆ ಸಂಜೆಯೂ ಅಣ್ಣನಿಗೆ ಹೇಳಿ ಎಂದಳೇ ಹೊರತು, ನೀವೇನು ಹೇಳುತ್ತೀರಿ ಎನ್ನಲಿಲ್ಲ. ದೀಪದ ಕೆಳಗೆ ಕತ್ತಲೆ ಎಂದು ಸುಮ್ಮನೆ ಹೇಳುತ್ತಾರೆಯೇ?

ಅವಳು ಅತ್ತಿಗೆಯ ಎದುರಿಗೆ ಬಂದು ನಿಂತು, ಎಲ್ಲರನ್ನೂ ಕೇಳುವ ಆ ಮಾತನ್ನೇ ಕೇಳಿದಳು. ದನಿ ಮಾತ್ರ ಎಂದಿನ ಹಾಗೆ ಇರಲಿಲ್ಲ.

"ಅತ್ತಿಗೆ, ನಿಮಗೇನು ಬೇಕು?"

ಅತ್ತಿಗೆ ಶುರು ಮಾಡಿದಳು. ಮೊದಮೊದಲು ಮಾತು ತಡವರಿಸಿತು, ಆಮೇಲೆ ದಾರಿ ಹಿಡಿಯಿತು. ದೋಣಿಯವರು ಬಂದರೆ ಯಾವ ಹಗ್ಗ ಎಂದು ಕೇಳುವುದಿಲ್ಲ, ಅಕ್ಕ ಬಿಟ್ಟ ನಾರೇ ಎಂದು ಕೇಳುತ್ತಾರೆ. ತನ್ನ ಬೆರಳಿಗೆ ಆ ಹದ ಬರಲು ಎಷ್ಟೋ ಕಾಲ ಹಿಡಿಯಿತು, ಅದು ಈಗ ಬಂದಿದೆ. ಬಂದ ಮೇಲೆ ಬಿಡು ಎಂದರೆ ಹೇಗೆ ಬಿಡುವುದು? ಬೆಂಚಿನ ಮೇಲೆ ಕೂತು ಹೊಳೆ ನೋಡಲೇ? ಹೊಳೆಯನ್ನು ದಿನಾ ನೋಡುತ್ತಲೇ ಇದ್ದೇನೆ ಎಂದಳು. ದೋಣಿಯವರಲ್ಲಿ ಒಬ್ಬ, ಹೌದು, ಅಕ್ಕನ ನಾರೇ ಎಂದು ಗಟ್ಟಿಯಾಗಿ ಹೇಳಿದ.

ಹಾಗಾದರೆ ಹಾದಿಯನ್ನು ಇದ್ದ ಹಾಗೆಯೇ ಬಿಡುತ್ತೇನೆ, ಮರ, ಬೆಂಚು, ಎಲ್ಲ ತೆಗೆಯುತ್ತೇನೆ ಎಂದು ನಕ್ಷೆಯವರು ಪೆನ್ಸಿಲ್ ಎತ್ತಿದರು.

ಅತ್ತಿಗೆ ತಡೆದಳು. ಬೆಂಚು ಬೇಡ, ಕಲ್ಲೂ ಬೇಡ, ಮರ ಮಾತ್ರ ಬೇಕು. ಅದೂ ಎರಡು ಕಡೆ ಅಲ್ಲ, ಹೊಳೆಯ ಕಡೆಗೆ ಒಂದು ಸಾಲು, ಮಧ್ಯಾಹ್ನದ ಮೇಲಿನ ಬಿಸಿಲು ಬರುವುದು ಅಲ್ಲಿಂದ ಎಂದಳು.

ಅಷ್ಟರಲ್ಲಿ ಅಣ್ಣ ಕುರ್ಚಿಯಿಂದಲೇ ತಲೆ ಅಲ್ಲಾಡಿಸಿದ. ಮರವೆಂದರೆ ಎಲೆ, ಎಲೆ ಉದುರಿದರೆ ನಾರಿಗೆ ಸಿಕ್ಕಿಕೊಳ್ಳುತ್ತದೆ, ಹುರಿ ಗಂಟಾಗುತ್ತದೆ, ಅದಕ್ಕೇ ಅಲ್ಲವೇ ಅಲ್ಲೊಂದು ಗಿಡವನ್ನೂ ಏಳಲು ಬಿಡದಿದ್ದದ್ದು, ಇವಳಿಗೆ ಗೊತ್ತಿಲ್ಲವೇ ಎಂದ. ಗಂಡ ಹೆಂಡಿರ ಹಳೆಯ ವಾದ ಎಂದು ಅವನು ಹೇಳಿದ ರೀತಿಯಲ್ಲೇ ತಿಳಿಯುತ್ತಿತ್ತು. ಮನೆಯೊಳಗೆ ಅದು ಎಷ್ಟು ಸಲ ನಡೆದಿತ್ತೋ, ಎಷ್ಟು ಸಲ ನಗೆಯಲ್ಲಿ ತೇಲಿಹೋಗಿತ್ತೋ. ಈ ಸಲ ಅತ್ತಿಗೆ ತೇಲಲು ಬಿಡಲಿಲ್ಲ. ಗಂಡನ ಕಡೆ ತಿರುಗಿ, ದನಿ ಏರಿಸದೆ ಹೇಳಿದಳು.

"ನೀವು ಚಪ್ಪರದ ಕೆಳಗೆ ಕೂತು ತಿರುಗಿಸ್ತೀರಿ. ನಡೆಯೋಳು ನಾನು. ಇಷ್ಟು ವರ್ಷ ಬಿಸಿಲಲ್ಲಿ ನಡೆದೆ. ಸಂಜೆ ಆದ್ರೆ ತಲೆ ಸಿಡೀತಿತ್ತು, ಯಾರಿಗೂ ಹೇಳ್ಲಿಲ್ಲ."

ಕುರ್ಚಿಯಕ್ಕ ಆ ಚಪ್ಪರದ ನೆರಳಿನಲ್ಲೇ ಅಣ್ಣನ ಪಕ್ಕ ಕೂತು ಓದಿದವಳು. ಪಾಠದಿಂದ ತಲೆ ಎತ್ತಿದಾಗಲೆಲ್ಲ ಅತ್ತಿಗೆ ದೂರದ ಬಿಸಿಲಿನಲ್ಲಿ ಚಿಕ್ಕದಾಗುತ್ತಾ ಹೋಗುವುದನ್ನು ಕಂಡಿದ್ದಳು. ಚಂದ ಕಾಣುತ್ತಿತ್ತು. ಅಲ್ಲಿ ಬಿಸಿಲಿದೆ ಎಂದು ಒಂದು ದಿನಕ್ಕೂ ಅವಳಿಗೆ ಅನ್ನಿಸಿರಲಿಲ್ಲ.

ಅಣ್ಣನ ಕೈ ಈಗ ಕೆಳಗಿಳಿಯಿತು. ನಗೆ ಮಾಡಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಹೆಂಡತಿಯ ಮುಖವನ್ನು ನೋಡಿದ, ನೆಲವನ್ನು ನೋಡಿದ, ಅಂಗೈಗಳನ್ನು ಮಂಡಿಗೆ ಉಜ್ಜಿಕೊಂಡ. ಆಮೇಲೆ ನಕ್ಷೆಯವರಿಗೆ, ಆದರೆ ಕಣ್ಣು ಹೆಂಡತಿಯ ಮೇಲೇ ಇಟ್ಟುಕೊಂಡು ಹೇಳಿದ.

"ಮರ ಹಾಕಿ ಸ್ವಾಮಿ. ಎಲೆ ನಾನು ಆರಿಸ್ತೀನಿ."

ನಕ್ಷೆಯವರು ನಿಂತಲ್ಲೇ ಹಾಳೆಯ ಮೇಲೆ ಬೆಂಚುಗಳನ್ನು ಹೊಡೆದು ಹಾಕಿದರು, ಮನೆಗಳ ಕಡೆಯ ಮರಗಳನ್ನೂ ಹೊಡೆದು ಹಾಕಿದರು. ಓಡಾಡುವವರ ದಾರಿಯನ್ನು ಮರಗಳ ಆಚೆಗೆ, ನೀರಿನ ಹತ್ತಿರಕ್ಕೆ ಸರಿಸಿದರು. ಎಲೆ ಕಡಿಮೆ ಉದುರಿಸುವ ಮರ ಯಾವುದೆಂದು ಅಣ್ಣನೂ ಅವರೂ ತಲೆಗೆ ತಲೆ ಹಚ್ಚಿ ಚರ್ಚೆಗೆ ಕೂತುಬಿಟ್ಟರು. ಮತ್ತೊಮ್ಮೆ ಕೈ ಎತ್ತಿಸಿದಾಗ ಕುರ್ಚಿಯಕ್ಕನಿಗೆ ಕಣ್ಣು ಮಂಜಾಗಿ ಎಣಿಸಲು ಆಗಲಿಲ್ಲ, ನಕ್ಷೆಯವರೇ ಎಣಿಸಿಕೊಂಡರು. ಸಭೆ ನಡೆಸುವವಳು ನಡುವೆ ಬಾಯಿ ಹಾಕಿದ್ದಕ್ಕೆ ಸಾಹೇಬರು ಆಮೇಲೆ ಎರಡು ಮಾತು ಅಂದರು, ಅವಳು ಎದುರಾಡದೆ ಅನ್ನಿಸಿಕೊಂಡಳು.

ಜನ ಚದುರಿದ ಮೇಲೆ ಶಾಲೆಯ ಗೇಟಿನ ಬಳಿ ಅವಳು ಅತ್ತಿಗೆಯ ಕೈ ಹಿಡಿದುಕೊಂಡಳು. ಏನೇನೋ ಹೇಳಬೇಕೆಂದಿದ್ದಳು.

"ನಾನು ನಿಮ್ಮನ್ನ ಕೇಳಲೇ ಇಲ್ಲ ಅತ್ತಿಗೆ."

"ಈಗ ಕೇಳಿದೆಯಲ್ಲ ಪುಟ್ಟಿ," ಎಂದಳು ಅತ್ತಿಗೆ. "ಇನ್ನೂ ತುಂಬಾ ಇದೆ ಹೇಳೋದು. ಮನೆಗೆ ಬಾ."

ಅಣ್ಣ ಮುಂದೆ, ಅವರಿಬ್ಬರು ಹಿಂದೆ, ಹೊಳೆಯ ದಂಡೆ ಹಿಡಿದು ಹೊರಟರು. ಅತ್ತಿಗೆ ಮಾತು ಶುರು ಮಾಡಿದವಳು ಮನೆ ಬಂದರೂ ನಿಲ್ಲಿಸಲಿಲ್ಲ. ಕುರ್ಚಿಯಕ್ಕ ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ.